ಕೈಕಟ್ಟಿ ಮಾಡಿದ ಬಾಣಂತನ

ಮೂರು ಬಾಣಂತನ ಮಾಡಿದ ಕೈ ನನ್ನದು. ಇಬ್ಬರು ಹೆಣ್ಣುಮಕ್ಕಳದ್ದು, ಒಬ್ಬಳು ತಂಗಿಯದ್ದು. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಯಾವುದಕ್ಕೂ ಇನ್ನೊಬ್ಬರನ್ನು ಕೇಳಿದವಳಲ್ಲ. ಆದರೆ ನಾಲ್ಕನೆಯ ಬಾಣಂತನದಲ್ಲಿ ನಾನು ಮಾಡಬೇಕಾಗಿದ್ದ ಕೆಲಸ ಒಂದೇ ಒಂದು: ಏನೂ ಮಾಡದೆ ದೂರ ಕೂತಿರುವುದು. ಅಷ್ಟು ಸುಲಭದ ಕೆಲಸದಲ್ಲೇ ನಾನು ಎಡವಿದೆ. ಆ ಸಲದ ಬಾಣಂತಿಯ ತೂಕ ಐದು ಗ್ರಾಂ ಆಸುಪಾಸು. ಒಂದು ಟೀ ಚಮಚ ಸಕ್ಕರೆಯಷ್ಟು!

ಮಗಳು, ಅಳಿಯ ಇರುವುದು ಟ್ರಿನಿಡಾಡ್‌ನಲ್ಲಿ. ಎಲ್ಲಿದೆ ಅದು ಎಂದು ಕೇಳಿದವರಿಗೆ ನಾನು ಹೇಳುವುದು, ‘ಬ್ರಯಾನ್ ಲಾರಾ ಹುಟ್ಟಿದ ಊರು’ ಎಂದು. ಕ್ರಿಕೆಟ್ ನೋಡುವ ಅಜ್ಜಂದಿರಿಗೆ ತಕ್ಷಣ ಗೊತ್ತಾಗುತ್ತದೆ. ದಕ್ಷಿಣ ಅಮೆರಿಕದ ವೆನಿಜುವೆಲಾ ಕರಾವಳಿಯಿಂದ ಅತಿ ಹತ್ತಿರದ ಜಾಗದಲ್ಲಿ ಬರೀ 11 ಕಿ.ಮೀ. ದೂರದ ದ್ವೀಪ. ಭೂಪಟದಲ್ಲಿ ನಮ್ಮ ಕೊಯಮತ್ತೂರಿನಿಂದ ಪಶ್ಚಿಮಕ್ಕೆ ಅಡ್ಡಗೆರೆ ಎಳೆಯುತ್ತಾ ಹೋದರೆ ಹೆಚ್ಚುಕಡಿಮೆ ಅಲ್ಲಿಗೇ ಮುಟ್ಟುತ್ತದೆ. ಅದಕ್ಕೇ ಮಗಳ ಮನೆಯ ಹಿತ್ತಿಲಿಗೆ ಕಾಲಿಟ್ಟಾಗ ನನಗೆ ಪರದೇಶ ಅನ್ನಿಸಲೇ ಇಲ್ಲ. ಮಾವು, ತೆಂಗು, ಬಾಳೆ, ದಾಸವಾಳ, ಕೇಪಳ ಎಲ್ಲ ನಮ್ಮವೇ.

ಪಕ್ಕದ ಮನೆಯ ಎಂಬತ್ತು ದಾಟಿದ ಹಿರಿಯಾಕೆಯೂ ನಮ್ಮವರ ಹಾಗೇ ಕಂಡರು. 1845ರ ಮೇ 30ರಂದು ‘ಫತೆಲ್ ರಜಾಕ್’ ಎಂಬ ಹಡಗು 200ಕ್ಕೂ ಹೆಚ್ಚು ಭಾರತೀಯರನ್ನು ಕಬ್ಬಿನ ತೋಟದ ಕೂಲಿಗೆಂದು ಈ ದ್ವೀಪಕ್ಕೆ ತಂದಿಳಿಸಿತು. 1917ರವರೆಗೆ ಹೀಗೆ ಬಂದವರು ಸುಮಾರು 1 ಲಕ್ಷ 40 ಸಾವಿರ ಜನ. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಈಕೆಯ ಮುತ್ತಜ್ಜಿಯೂ ಅವರಲ್ಲೊಬ್ಬರು. ಭಾಷೆ ಮರೆತುಹೋಗಿದೆ. ಆದರೆ ಸಂಬಂಧದ ಹೆಸರುಗಳು ಉಳಿದಿವೆ. ಅಲ್ಲಿ ಅಪ್ಪನ ತಾಯಿ ‘ಆಜಿ’, ಅಮ್ಮನ ತಾಯಿ ‘ನಾನಿ’.

ನನ್ನ ಮೊಮ್ಮಗಳು ಪುಟ್ಟಿ ನನ್ನನ್ನು ‘ಅಜ್ಜಿ’ ಎಂದು ಕೂಗಿದ್ದು ಕೇಳಿ ಅವರು ನಕ್ಕು, ‘ಮಗಳ ಮನೆಗೆ ಬಂದವಳು ನಾನಿ ಆಗಬೇಕು, ಆಜಿ ಅಲ್ಲ’ ಎಂದು ತಿದ್ದಿದರು. ‘ನಮ್ಮ ಭಾಷೆಯಲ್ಲಿ ಎರಡೂ ಕಡೆಯವರು ಅಜ್ಜಿಯೇ’ ಎಂದಳು ಎಂಟು ವರ್ಷದ ಪುಟ್ಟಿ. ಅಂದಿನಿಂದ ಅವರು ಪಕ್ಕದ ಮನೆ ಆಜಿ, ನಾನು ಈ ಮನೆ ಅಜ್ಜಿ.

ಪೊರಕೆ ಕಸಿದುಕೊಂಡ ಹಕ್ಕಿ

ಫೆಬ್ರುವರಿ ಮೊದಲ ವಾರ. ಹಿಂದಿನ ಜಗಲಿಯ ಸೂರಿನಡಿ ಜೇಡರ ಬಲೆ ಕಟ್ಟಿತ್ತು. ಪೊರಕೆ ಹಿಡಿದು ಹೊರಟೆ. ಕಿವಿಯ ಪಕ್ಕದಲ್ಲೇ ದೊಡ್ಡ ದುಂಬಿಯ ಹಾಗೆ ‘ಝುಂಯ್’ ಎಂದಿತು. ತಿರುಗಿದರೆ, ಹೆಬ್ಬೆರಳಿಗಿಂತ ತುಸು ದೊಡ್ಡ ಹಸಿರು ಹಕ್ಕಿ ಗಾಳಿಯಲ್ಲಿ ನಿಂತಿದೆ! ಹಾರುತ್ತಿಲ್ಲ, ಕೂತೂ ಇಲ್ಲ, ನಿಂತಿದೆ. ನನ್ನ ಕಣ್ಣೆದುರೇ ಬಲೆಗೆ ಕೊಕ್ಕು ಹಾಕಿ ಎಳೆ ಸುತ್ತಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು ಹೋಯಿತು.

‘ಅಜ್ಜೀ, ಗುಡಿಸಬೇಡ! ಅದು ಅವಳ ಸಿಮೆಂಟು’ ಎಂದು ಪುಟ್ಟಿ ಪೊರಕೆ ಕಸಿದುಕೊಂಡಳು.

ಅದೇ ಹಮ್ಮಿಂಗ್‌ಬರ್ಡ್. ಮಕ್ಕಳೇ, ಈ ಹಕ್ಕಿಗಳಲ್ಲಿ 360ಕ್ಕೂ ಹೆಚ್ಚು ಜಾತಿಗಳಿದ್ದರೂ ಎಲ್ಲವೂ ಇರುವುದು ಉತ್ತರ, ದಕ್ಷಿಣ ಅಮೆರಿಕ ಖಂಡಗಳು ಮತ್ತು ಅವುಗಳ ಪಕ್ಕದ ದ್ವೀಪಗಳಲ್ಲಿ ಮಾತ್ರ. ನಮ್ಮ ದಾಸವಾಳಕ್ಕೆ ಬರುವ ಪುಟ್ಟ ಹಕ್ಕಿಯನ್ನು ಎಷ್ಟೋ ಜನ ಹಮ್ಮಿಂಗ್‌ಬರ್ಡ್ ಎನ್ನುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಅದು ಸೂರಕ್ಕಿ. ಇಬ್ಬರೂ ಮಕರಂದ ಹೀರುತ್ತಾರೆ, ಇಬ್ಬರಿಗೂ ಉದ್ದ ಕೊಕ್ಕು, ಮೈಯಲ್ಲಿ ಮಿಂಚು. ಆದರೆ ನೆಂಟಸ್ತಿಕೆ ಇಲ್ಲ. ಹಮ್ಮಿಂಗ್‌ಬರ್ಡ್‌ಗೆ ಹತ್ತಿರದ ನೆಂಟರೆಂದರೆ, ಸಂಜೆ ಹೊತ್ತು ನಮ್ಮ ದೇವಸ್ಥಾನದ ಗೋಪುರಗಳ ಸುತ್ತ ಕೀಚಲು ದನಿಯಲ್ಲಿ ಗಿರಕಿ ಹೊಡೆಯುವ ಸ್ವಿಫ್ಟ್ ಹಕ್ಕಿಗಳು. ಒಂದೇ ಬಗೆಯ ಊಟ ಹುಡುಕುತ್ತಾ ಹುಡುಕುತ್ತಾ, ಬೇರೆ ಬೇರೆ ಕುಲದ ಎರಡು ಹಕ್ಕಿಗಳು ಒಂದೇ ಬಗೆಯ ರೂಪಕ್ಕೆ ಬಂದಿವೆ.

ಟ್ರಿನಿಡಾಡ್ ಮತ್ತು ಟೊಬೇಗೊ ದೇಶದಲ್ಲಿ 15ಕ್ಕೂ ಹೆಚ್ಚು ಬಗೆಯ ಹಮ್ಮಿಂಗ್‌ಬರ್ಡ್‌ಗಳಿವೆ. ದೇಶದ ಲಾಂಛನದಲ್ಲೂ ಇದೇ ಹಕ್ಕಿ. ಮಗಳ ಹಿತ್ತಿಲಿಗೆ ಬಂದದ್ದು ಅಲ್ಲಿ ಮನೆಮನೆಯ ತೋಟದಲ್ಲೂ ಕಾಣುವ ಜಾತಿ. ಮೈ ಹಸಿರು, ಬಾಲದ ಬುಡದಲ್ಲಿ ಉಜ್ಜಿದ ತಾಮ್ರದ ಚೊಂಬಿನ ಬಣ್ಣ. ಅಂಜಿಕೆ ಎಂಬುದು ಕಡಿಮೆ. ಬಟ್ಟೆ ಒಣಹಾಕುವ ತಂತಿಯ ಮೇಲೂ ಗೂಡು ಕಟ್ಟುವುದು ಇದರ ಅಭ್ಯಾಸ. ನಮ್ಮಲ್ಲೂ ಹಾಗೇ ಆಯಿತು. ಸೂರಿನ ಕಂಬಕ್ಕೆ ತಂತಿ ಬಿಗಿದು ಗಂಟು ಹಾಕಿದ್ದ ಜಾಗವನ್ನೇ ಆರಿಸಿಕೊಂಡಿತ್ತು.

ಕಟ್ಟುವ ಸೊಗಸನ್ನು ನೋಡಬೇಕು. ಮೊದಲು ಜೇಡರ ಎಳೆಯನ್ನು ತಂತಿಗೆ ಸುತ್ತಿತು. ಆಮೇಲೆ ಹತ್ತಿಯಂಥ ನಾರು ತಂದು ಒತ್ತಿತು. ನಡುವೆ ಕೂತು, ಎದೆಯಿಂದ ಅದುಮುತ್ತಾ ಗುಂಡಗೆ ತಿರುಗಿತು, ಕುಂಬಾರ ಕುಡಿಕೆಗೆ ಆಕಾರ ಕೊಟ್ಟ ಹಾಗೆ. ಕೊನೆಗೆ ಮರದ ತೊಗಟೆಯ ಮೇಲಿನ ಕಲ್ಲುಹೂವಿನ ಚೂರುಗಳನ್ನು ಹೊರಗಡೆ ಅಂಟಿಸಿತು. ಒಂದು ವಾರದಲ್ಲಿ ಗೂಡು ಮುಗಿಯಿತು. ಅರ್ಧ ನಿಂಬೆಹೋಳಿನಷ್ಟು ಗಾತ್ರ.

‘ಅಪ್ಪ ಹಕ್ಕಿ ಎಲ್ಲಿ?’ ಎಂದಳು ಪುಟ್ಟಿ. ಬರಲೇ ಇಲ್ಲ. ಹಮ್ಮಿಂಗ್‌ಬರ್ಡ್‌ಗಳಲ್ಲಿ ಗೂಡು ಕಟ್ಟುವುದು, ಕಾವು ಕೊಡುವುದು, ಗುಟುಕು ಉಣಿಸುವುದು ಎಲ್ಲವೂ ಹೆಚ್ಚುಕಡಿಮೆ ತಾಯಿಯೊಬ್ಬಳದೇ ಕೆಲಸ. ನನಗೆ ಕರುಳು ಚುರುಕ್ ಎಂದಿತು. ಬಾಣಂತನಕ್ಕೆ ಯಾರೂ ಇಲ್ಲದ ಬಾಣಂತಿ!

ಕನ್ನಡದ ಬೋರ್ಡು

ಫೆಬ್ರುವರಿ 10ಕ್ಕೆ ಒಂದು, 12ಕ್ಕೆ ಇನ್ನೊಂದು, ಒಟ್ಟು ಎರಡು ಮೊಟ್ಟೆ. ತಾಯಿ ಹೂವಿಗೆ ಹೋದಾಗ ಅಳಿಯ ಉದ್ದ ಕೋಲಿಗೆ ಮೊಬೈಲ್ ಕಟ್ಟಿ ಒಂದೇ ಒಂದು ಫೋಟೊ ತೆಗೆದರು. ಬೆಳ್ಳಗೆ, ಅವರೆಕಾಳಿನಷ್ಟು. ಅಳಿಯ ಬಟ್ಟೆಗೆಂದು ಮುಂದಿನ ಅಂಗಳದಲ್ಲಿ ಹೊಸ ಹಗ್ಗ ಕಟ್ಟಿದರು. ನಮ್ಮ ನಾಲ್ವರಿಗೂ ಗೂಡಿನಿಂದ ಹತ್ತಡಿ ಆಚೆ ಎಂಬ ನಿಯಮವಾಯಿತು.

ಆಗಷ್ಟೇ ನಾನು ಪುಟ್ಟಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದೆ. ಅವಳು ರಟ್ಟಿನ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದು ಕಂಬಕ್ಕೆ ನೇತುಹಾಕಿದಳು: ‘ಬಟೆ ಹಾಕಬೇಡಿ. ಮಗು ಬರುತೆ.’ ಒತ್ತಕ್ಷರ ಎರಡೂ ಕಡೆ ಬಿಟ್ಟುಹೋಗಿತ್ತು. ತಿದ್ದಲು ಮನಸ್ಸಾಗಲಿಲ್ಲ.

ಪಕ್ಕದ ಮನೆ ಆಜಿ ದಿನವೂ ಬೇಲಿಯಾಚೆಯಿಂದ ವಿಚಾರಿಸುತ್ತಿದ್ದರು. ಅವರ ಅಂಗಳದಲ್ಲಿ ಹಕ್ಕಿಗೆ ಸಕ್ಕರೆ ನೀರಿನ ಬಾಟಲಿ ತೂಗುತ್ತಿತ್ತು. ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು, ಬಣ್ಣ ಹಾಕಬಾರದು, ಆಗಾಗ ತೊಳೆದು ಬದಲಾಯಿಸಬೇಕು. ‘ಜೇನುತುಪ್ಪ ಹಾಕಿದರೆ ಇನ್ನೂ ಪುಷ್ಟಿ ಅಲ್ಲವೇ?’ ಎಂದೆ. ‘ಬೇಡವೇ ಬೇಡ. ಅದು ಬೇಗ ಬೂಷ್ಟು ಹಿಡಿಯುತ್ತೆ, ಹಕ್ಕಿಗೆ ಕಾಯಿಲೆ ತರುತ್ತೆ’ ಎಂದರು. ಸಕ್ಕರೆ ನೀರೊಂದೇ ಸಾಲದು ಎಂಬುದನ್ನೂ ಅವರೇ ಹೇಳಿದ್ದು. ಮರಿ ಬೆಳೆಯಲು ಪುಟ್ಟ ಸೊಳ್ಳೆ, ನೊಣ, ಜೇಡ ಬೇಕು. ಹಾಗಾಗಿ ತೋಟಕ್ಕೆ ಕೀಟನಾಶಕ ಹೊಡೆಯುವುದನ್ನು ಅವರು ಬಿಟ್ಟೇಬಿಟ್ಟಿದ್ದರು.

ಇನ್ನೊಂದು ವಿಷಯವನ್ನು ಅವರು ದನಿ ತಗ್ಗಿಸಿ ಹೇಳಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಹೆಂಗಸರ ಟೋಪಿಗಳ ಅಲಂಕಾರಕ್ಕೆಂದು ಈ ದ್ವೀಪದಿಂದ ಸಾವಿರಾರು ಹಮ್ಮಿಂಗ್‌ಬರ್ಡ್‌ಗಳ ಚರ್ಮ, ಗರಿ ಹಡಗು ಹತ್ತಿದ್ದವಂತೆ. ‘ಮನುಷ್ಯರ ಕೈ ದೂರ ಇದ್ದಷ್ಟೂ ಅದಕ್ಕೆ ಒಳ್ಳೆಯದು’ ಎಂದರು ಆಜಿ.

ನನ್ನ ತಪ್ಪು

ಟ್ರಿನಿಡಾಡ್‌ನಲ್ಲಿ ಕಾರ್ನಿವಲ್ ಎಂದರೆ ನಮ್ಮ ದಸರಾ ಇದ್ದ ಹಾಗೆ. ಆ ಸೋಮವಾರ ಮೂವರೂ ಮೆರವಣಿಗೆ ನೋಡಲು ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ಗೆ ಹೋದರು. ಮಂಡಿನೋವೆಂದು ನಾನು ಉಳಿದೆ. ಹಿಂದಿನ ದಿನ ನೆಂಟರು ಬಂದಿದ್ದರು. ಒಗೆಯುವ ಬಟ್ಟೆ ರಾಶಿ. ಮುಂದಿನ ಹಗ್ಗ ತುಂಬಿಹೋಯಿತು, ಒಂದು ಬೆಡ್‌ಶೀಟ್ ಉಳಿಯಿತು. ಹಿಂದಿನ ತಂತಿಯ ಆ ತುದಿಗೆ ಹಾಕಿದರೆ ಏನಾದೀತು? ಗೂಡು ಈ ತುದಿಯಲ್ಲಿದೆ, ನಡುವೆ ಹದಿನೈದು ಅಡಿ ಇದೆ ಎಂದುಕೊಂಡೆ. ಕ್ಲಿಪ್ ಹಾಕಲಿಲ್ಲ. ಆಗ ಮಧ್ಯಾಹ್ನ ಒಂದು ಗಂಟೆ. ಒಳಗೆ ಹೋಗಿ ಅಡ್ಡಾದವಳಿಗೆ ನಿದ್ದೆ ಬಂತು.

ಎಚ್ಚರವಾದದ್ದು ‘ಝುಂಯ್’ ಸದ್ದಿಗೆ. ಗಡಿಯಾರದಲ್ಲಿ ಎರಡೂವರೆ. ಓಡಿ ಬಂದು ನೋಡಿದರೆ, ಬೇಸಿಗೆಯ ಗಾಳಿಗೆ ಬೆಡ್‌ಶೀಟ್ ಜಾರುತ್ತಾ ಜಾರುತ್ತಾ ಈ ತುದಿಗೆ ಬಂದು ಗೂಡನ್ನೇ ಮುಚ್ಚಿ ನಿಂತಿದೆ. ತಾಯಿ ಹಕ್ಕಿ ಬಟ್ಟೆಯ ಮುಂದೆ ಗಾಳಿಯಲ್ಲಿ ನಿಂತು ಅತ್ತ ಸರಿಯುತ್ತದೆ, ಇತ್ತ ಸರಿಯುತ್ತದೆ, ದಾರಿ ಸಿಗುತ್ತಿಲ್ಲ. ನಡುಗುವ ಕೈಯಲ್ಲಿ ಬೆಡ್‌ಶೀಟ್ ಎತ್ತಿದೆ. ಗೂಡು ಬಿದ್ದಿರಲಿಲ್ಲ. ಹತ್ತು ನಿಮಿಷಕ್ಕೆ ತಾಯಿ ಬಂದು ಕೂತಳು. ಸದ್ಯ, ಏನೂ ಆಗಲಿಲ್ಲ ಎಂದುಕೊಂಡೆ. ಸಂಜೆ ಬಂದವರಿಗೆ ಏನನ್ನೂ ಹೇಳಲಿಲ್ಲ.

ಅಂದು ರಾತ್ರಿ ಮಗಳು ಓದಿ ಹೇಳಿದ ಒಂದು ಸಂಗತಿ ನನ್ನ ನಿದ್ದೆ ಕೆಡಿಸಿತು. ಹಾರುವಾಗ ಕೆಲವು ಹಮ್ಮಿಂಗ್‌ಬರ್ಡ್‌ಗಳ ಹೃದಯ ನಿಮಿಷಕ್ಕೆ 1,000ಕ್ಕೂ ಹೆಚ್ಚು ಸಲ ಬಡಿಯುತ್ತದಂತೆ. ಅಷ್ಟು ಶಕ್ತಿ ವ್ಯಯವಾಗುವುದರಿಂದ, ರಾತ್ರಿ ಊಟವಿಲ್ಲದಾಗ ಎಷ್ಟೋ ಜಾತಿಗಳು ಮೈಯ ಬಿಸಿಯನ್ನು ಇಳಿಸಿಕೊಂಡು, ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದ ಹಾಗೆ ಜಡವಾಗಿ ಮಲಗುತ್ತವೆ. ಆದರೆ ಕಾವಿಗೆ ಕೂತ ತಾಯಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ತಾನು ತಣ್ಣಗಾದರೆ ಮೊಟ್ಟೆಯೂ ತಣ್ಣಗಾಗುತ್ತದಲ್ಲ! ರಾತ್ರಿಯಿಡೀ ಮೈಬಿಸಿ ಕಾಯ್ದುಕೊಳ್ಳುವ ತಾಯಿಯ ಕಾವನ್ನು ನಾನು ಹಗಲಿನಲ್ಲೇ ತಪ್ಪಿಸಿದ್ದೆ.

ಫೆಬ್ರುವರಿ 28ಕ್ಕೆ ಒಂದು ಮೊಟ್ಟೆ ಒಡೆಯಿತು. ಕಪ್ಪು ಒಣದ್ರಾಕ್ಷಿಯಂಥ ಮರಿ. ಕಣ್ಣಿಲ್ಲ, ಪುಕ್ಕವಿಲ್ಲ, ಕೊಕ್ಕು ಕೂಡ ಮೊಂಡು. ಇನ್ನೊಂದು ಮೊಟ್ಟೆ ಹಾಗೇ ಇತ್ತು. ನಾಳೆ ಒಡೆಯುತ್ತೆ ಎಂದಳು ಪುಟ್ಟಿ. ಮರುದಿನವೂ ಹಾಗೇ ಅಂದಳು. ಐದನೆಯ ದಿನ ಏನೂ ಅನ್ನಲಿಲ್ಲ.

ಆ ಮೊಟ್ಟೆ ಕೆಟ್ಟದ್ದು ನನ್ನ ಬೆಡ್‌ಶೀಟಿನಿಂದಲೋ, ಅದರಲ್ಲಿ ಮೊದಲೇ ಜೀವ ಕಟ್ಟಿರಲಿಲ್ಲವೋ, ಹೇಳುವವರು ಯಾರು? ಒಂದು ಮೊಟ್ಟೆ ಒಡೆಯದೆ ಉಳಿಯುವುದು ಉಂಟು ಎಂದು ಆಜಿಯೇ ಹೇಳಿದರು. ಆ ಮಾತಿನ ಹಿಂದೆ ಅಡಗಿಕೊಳ್ಳಬಹುದಿತ್ತು. ಆದರೆ ‘ಸುಳ್ಳು ಹೇಳಬಾರದು’ ಎಂದು ಕಾಪಿಪುಸ್ತಕದಲ್ಲಿ ಹತ್ತು ಸಲ ಬರೆಸಿದವಳು ನಾನೇ. ಪುಟ್ಟಿಯನ್ನು ಜಗಲಿಯಲ್ಲಿ ಕೂರಿಸಿಕೊಂಡು ನಡೆದದ್ದೆಲ್ಲ ಹೇಳಿದೆ.

ಅವಳು ಅಳಲಿಲ್ಲ. ಕಂಬದ ರಟ್ಟಿನ ಕಡೆ ನೋಡಿ ಮೆಲ್ಲಗೆ ಅಂದಳು: ‘ಇಲ್ಲಿ ಬೇರೆ ಯಾರಿಗೂ ಕನ್ನಡ ಓದಕ್ಕೆ ಬರಲ್ಲ ಅಜ್ಜಿ. ಅಪ್ಪ ಅಮ್ಮನಿಗೆ ಹೆಂಗೂ ಗೊತ್ತಿತ್ತು. ನಾನು ಬರೆದಿದ್ದು ನಿಂಗೋಸ್ಕರ.’

ಅರವತ್ತೆಂಟು ವರ್ಷದಲ್ಲಿ ಯಾರಿಂದಲೂ ನನಗೆ ಅಂಥ ಏಟು ಬಿದ್ದಿರಲಿಲ್ಲ. ಸಂಜೆಯವರೆಗೂ ಅವಳು ಮಾತಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ತಾನೇ ತೀರ್ಪು ಕೊಟ್ಟಳು: ‘ನಾಳೆಯಿಂದ ನಾನು ಸ್ಕೂಲಿಂದ ಬರೋವರೆಗೂ ಕಾಯೋ ಪಾಳಿ ನಿಂದು. ನಿದ್ದೆ ಮಾಡಬಾರದು.’

ಕಾವಲು ಪಾಳಿ

ಹತ್ತಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಎದುರು ಮರದಲ್ಲಿ ಹಳದಿ ಹೊಟ್ಟೆಯ ಕಿಸ್ಕಡೀ ಹಕ್ಕಿ. ಸಣ್ಣ ಮರಿಗಳನ್ನೂ ಬಿಡದ ಜಾತಿ. ಅದು ಹತ್ತಿರ ಬಂದರೆ ಚಪ್ಪಾಳೆ ತಟ್ಟಬೇಕೆಂದು ಕಾದಿದ್ದೆ. ನನಗಿಂತ ಮೊದಲು ತಾಯಿಯೇ ಬಾಣದ ಹಾಗೆ ನುಗ್ಗಿ, ತನಗಿಂತ ಹತ್ತು ಪಟ್ಟು ದೊಡ್ಡ ಹಕ್ಕಿಯನ್ನು ತೋಟದಾಚೆಗೆ ಅಟ್ಟಿಬಂದಳು. ಆ ಬಾಣಂತಿಗೆ ನನ್ನ ಚಪ್ಪಾಳೆಯೂ ಬೇಕಿರಲಿಲ್ಲ.

ಅರ್ಧ ಗಂಟೆಗೊಮ್ಮೆ ಗುಟುಕು. ತಾಯಿ ತನ್ನ ಉದ್ದ ಕೊಕ್ಕನ್ನು ಮರಿಯ ಗಂಟಲಿಗೆ ಪೂರ್ತಿ ಇಳಿಸಿ, ಹೊಟ್ಟೆಯಿಂದ ಮಕರಂದ ಮತ್ತು ಕೀಟದ ಪಾಯಸವನ್ನು ಸುರಿಯುತ್ತಿದ್ದಳು. ಸೂಜಿ ಚುಚ್ಚಿದಂತೆ ಕಾಣುತ್ತಿತ್ತು. ಮರಿ ಬೆಳೆದಂತೆ ಗೂಡೂ ಹಿಗ್ಗಿತು! ಜೇಡರ ಎಳೆ ಎಳೆದಷ್ಟೂ ಹಿಗ್ಗುವುದರಿಂದ ಗೂಡು ಒಡೆಯಲಿಲ್ಲ. ಅವತ್ತು ನಾನು ಗುಡಿಸಿಬಿಟ್ಟಿದ್ದರೆ?

ಮಾರ್ಚ್ 11ರ ರಾತ್ರಿ ಟಾರ್ಚು ಹಾಕದೆ ಜಗಲಿ ದೀಪದ ಮಂಕು ಬೆಳಕಿನಲ್ಲೇ ನೋಡಿದೆ. ತಾಯಿ ಗೂಡಿನಲ್ಲಿಲ್ಲ. ಮರಿಯೊಂದೇ. ಎದೆ ಧಸಕ್ಕೆಂದಿತು. ಗೂಡಿನ ಸುತ್ತ ಒಂದಿಷ್ಟು ಹತ್ತಿ ಇಟ್ಟುಬಿಡಲೇ ಎಂದು ಕೈ ತುಡಿಯಿತು. ಆಗ ಕಂಬದ ರಟ್ಟು ಕಣ್ಣಿಗೆ ಬಿತ್ತು. ಕೈಕಟ್ಟಿ ಹಿಂದಕ್ಕೆ ಬಂದೆ. ಬೆಳಗ್ಗೆ ಆರಕ್ಕೆ ತಾಯಿ ಹಾಜರು, ಮರಿ ಬಾಯಿ ತೆರೆದು ಸಿದ್ಧ. ಪುಕ್ಕ ಮೂಡಿ ಮರಿ ತನ್ನ ಬಿಸಿ ತಾನೇ ಕಾಯ್ದುಕೊಳ್ಳುವಷ್ಟಾದರೆ, ಹತ್ತು ಹನ್ನೆರಡು ದಿನಕ್ಕೆ ತಾಯಿ ಮೇಲೆ ಕೂರುವುದನ್ನು ನಿಲ್ಲಿಸುತ್ತಾಳೆ ಎಂದು ಆಮೇಲೆ ತಿಳಿಯಿತು. ಮೂರು ಬಾಣಂತನ ಮಾಡಿದವಳಿಗೆ ಗೊತ್ತಿರದಿದ್ದದ್ದು ಐದು ಗ್ರಾಂ ತಾಯಿಗೆ ಗೊತ್ತಿತ್ತು.

ನನ್ನ ವಾಪಸ್ ಟಿಕೆಟ್ ಮಾರ್ಚ್ 25ಕ್ಕೆ. ಈ ಜಾತಿಯ ಮರಿ ಹಾರಲು 19ರಿಂದ 23 ದಿನ ಬೇಕು. ಕ್ಯಾಲೆಂಡರಿನಲ್ಲಿ ದಿನ ಎಣಿಸಿದ್ದೇ ಎಣಿಸಿದ್ದು. ಮರಿ ಗೂಡಿನ ಅಂಚನ್ನು ಗಟ್ಟಿಯಾಗಿ ಹಿಡಿದು ರೆಕ್ಕೆ ಬಡಿಯುವ ಅಭ್ಯಾಸ ಶುರುಮಾಡಿತ್ತು.

21ನೇ ತಾರೀಕು, ಶನಿವಾರ. ಊರಿಗೆ ಒಯ್ಯುವ ಸಾಮಾನಿಗೆಂದು ಮಗಳ ಜೊತೆ ಅಂಗಡಿಗೆ ಹೋಗಿದ್ದೆ. ಫೋನು ಬಂತು. ‘ಅಜ್ಜೀ, ಹಾರ್ತು! ಮೊದಲು ದಾಸವಾಳದ ಮೇಲೆ ಕೂತ್ಕೊಂಡ್ತು, ಅಮ್ಮ ಬಂದು ಅಲ್ಲೇ ತಿನ್ನಿಸಿದ್ಲು, ಆಮೇಲೆ ಮಾವಿನ ಮರಕ್ಕೆ!’ ಇಪ್ಪತ್ತೊಂದು ದಿನ ಎಣಿಸಿದವಳು ನಾನು, ನೋಡಿದ್ದು ಅವಳು. ಅಂಗಡಿಯ ನಡುವೆ ನಿಂತು ಕಣ್ಣೊರೆಸಿಕೊಂಡೆ. ನ್ಯಾಯವೇ ಅನ್ನಿಸಿತು. ಬೋರ್ಡು ಬರೆದವಳು ಅವಳಲ್ಲವೇ?

ಹೊರಡುವ ದಿನ ಆಜಿ ನನ್ನ ಅಂಗೈಯಲ್ಲಿ ಒಂದು ಹಳೆಯ ಒಂದು ಸೆಂಟ್ ನಾಣ್ಯ ಇಟ್ಟರು. ಈಗ ಚಲಾವಣೆಯಲ್ಲಿಲ್ಲ. ಅದರ ಮೇಲೆ ಹಮ್ಮಿಂಗ್‌ಬರ್ಡ್ ಇದೆ. ಮೈಸೂರಿನ ನನ್ನ ಮನೆಯ ದೇವರ ಗೂಡಿನಲ್ಲಿ ಅದನ್ನಿಟ್ಟಿದ್ದೇನೆ.

ಮಕ್ಕಳೇ, ನಿಮ್ಮ ಮನೆಯ ತಂತಿಗೋ ಬಳ್ಳಿಗೋ ಸೂರಕ್ಕಿ ತನ್ನ ತೂಗುಚೀಲದಂಥ ಗೂಡು ಕಟ್ಟಬಹುದು. ಅದಕ್ಕೂ ಜೇಡರ ಬಲೆಯೇ ಸಿಮೆಂಟು. ಕಂಡರೆ ಮುಟ್ಟಬೇಡಿ, ಕೊಂಬೆ ಸರಿಸಬೇಡಿ, ಮತ್ತೆ ಮತ್ತೆ ಇಣುಕಬೇಡಿ, ಫ್ಲ್ಯಾಶ್ ಹಾಕಿ ಫೋಟೊ ತೆಗೆಯಬೇಡಿ. ಹತ್ತಡಿ ದೂರದಲ್ಲಿ ಕುರ್ಚಿ ಹಾಕಿ ಅಜ್ಜಿ ತಾತನನ್ನೂ ಕೂರಿಸಿಕೊಳ್ಳಿ. ಅವರು ಏನಾದರೂ ಸಹಾಯ ಮಾಡಲು ಎದ್ದರೆ, ದಯವಿಟ್ಟು ಕೈ ಹಿಡಿದು ಕೂರಿಸಿ.

ಮೊನ್ನೆ ನಮ್ಮಲ್ಲಿ ಸಂಜೆ ಆರಾಗಿದ್ದಾಗ, ಅಲ್ಲಿ ಬೆಳಗ್ಗೆ ಎಂಟೂವರೆಗೆ, ಪುಟ್ಟಿ ವಿಡಿಯೊ ಕಾಲ್ ಮಾಡಿದ್ದಳು. ಹಳೆಯ ಗೂಡಿಗೆ ಒಂದು ಹಸಿರು ಹಕ್ಕಿ ಬಂದು ಎಳೆ ಕೀಳುತ್ತಿತ್ತು, ಹೊಸ ಗೂಡಿಗೆ ಇರಬೇಕು. ಪಕ್ಕದ ಕಂಬದಲ್ಲಿ ಅದೇ ರಟ್ಟು. ಒತ್ತಕ್ಷರ ಎರಡನ್ನೂ ಅವಳೇ ಕೆಂಪು ಬಣ್ಣದಲ್ಲಿ ಸೇರಿಸಿದ್ದಳು.

‘ಈಗ ಓದು ಅಜ್ಜಿ’ ಎಂದಳು. ಗಟ್ಟಿಯಾಗಿ ಓದಿದೆ.